ಒಂದು ಕಿಲೋಗ್ರಾಂ ಹಿತ್ತಾಳೆ ಬಟ್ಟು ಹಿಂದಿರುಗಿಸದ ಬಗ್ಗೆ

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ, ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ, ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಸೂರ್ಯನಾರಾಯಣರು ಹನ್ನೊಂದು ಸುಳ್ಳು ತೂಕದ ಬಟ್ಟುಗಳನ್ನು ಹಿಡಿದರು. ಒಂದೊಂದರ ಮೈಮೇಲೂ ಇಪ್ಪತ್ತು ಕಿಲೋ ಎಂಬ ಎರಕದ ಅಕ್ಷರ. ಒಂದೊಂದರ ಹೊಟ್ಟೆಯಲ್ಲೂ ಗುಟ್ಟಾಗಿ ಹೊಯ್ದ ಒಂದೂಕಾಲು ಕಿಲೋ ಸೀಸ. ರೈತನು ಇಪ್ಪತ್ತೊಂದೂಕಾಲು ಕಿಲೋ ಕೊಬ್ಬರಿ ಸುರಿದ ಮೇಲೆಯೇ ತಕ್ಕಡಿ ಇಪ್ಪತ್ತೆಂದು ಒಪ್ಪಿಕೊಳ್ಳುತ್ತಿತ್ತು. ಮಂಡಿಯ ಮಾಲೀಕ ಗೋಪಿನಾಥನೆಂಬಾತ ಇನ್ಸ್‌ಪೆಕ್ಟರು ಬಂದಾಗಲೆಲ್ಲ ಎಣ್ಣೆ ಒರೆಸಿದ ಸಾಚಾ ಬಟ್ಟುಗಳನ್ನೇ ಸಾಲಾಗಿ ಜೋಡಿಸಿ, ಹೆಣ್ಣಿನ ಕಡೆಯ ಯಜಮಾನನಂತೆ ಕೈಕಟ್ಟಿ ನಿಲ್ಲುತ್ತಿದ್ದ.

ಸೂರ್ಯನಾರಾಯಣರು ಮೂರು ದಿನ ಆ ಮಂಡಿಯಲ್ಲೇ ಕೂತರು. ಅಲ್ಲಿಯ ಕಾಫಿಯನ್ನು ಮುಟ್ಟಲಿಲ್ಲ. ನೀರನ್ನು ಕೂಡ ಮನೆಯಿಂದ ತಂದ ಕೂಜದಿಂದಲೇ ಕುಡಿದರು. ಮೂರನೆಯ ಸಂಜೆ ಸೋತ ಮುಖ ಮಾಡಿಕೊಂಡು, ಮಂಡಿಯ ಗುಮಾಸ್ತನ ಕಣ್ಣೆದುರಿಗೇ ಪ್ಯಾಸೆಂಜರ್ ರೈಲು ಹತ್ತಿದರು. ಹತ್ತಿದವರು ಆಚೆ ಬದಿಯ ಬಾಗಿಲಿನಿಂದ ಇಳಿದು, ಮುಳ್ಳುತಂತಿಗೆ ಪ್ಯಾಂಟಿನ ಅರ್ಧ ಕಾಲನ್ನು ಒಪ್ಪಿಸಿ, ಹಿಂದಿನ ದಾರಿಯಿಂದ ಬಂದು ಗೋಣಿಚೀಲಗಳ ಮರೆಯಲ್ಲಿ ಕೂತರು. ಸ್ವಲ್ಪ ಹೊತ್ತಿಗೆಲ್ಲ ಹಮಾಲಿಯೊಬ್ಬ ಕೊಬ್ಬರಿ ರಾಶಿಯ ಒಳಗಿನಿಂದ ಬಟ್ಟುಗಳನ್ನು ತೆಗೆದು ಹೊರತೊಡಗಿದ. ಬೆಳಿಗ್ಗೆ ಇನ್ಸ್‌ಪೆಕ್ಟರರ ಮುಂದೆ ಸಾಚಾ ಬಟ್ಟುಗಳನ್ನು ಅವನು ಖಾಲಿ ಕೊಡಗಳಂತೆ ಎತ್ತಾಡಿದ್ದ. ಈಗ ಅವನ ಬಲ ಹೆಗಲು ನಾಲ್ಕು ಬೆರಳು ಕೆಳಗೆ ಇಳಿದಿತ್ತು. ಆ ನಾಲ್ಕು ಬೆರಳನ್ನು ಕಂಡದ್ದೇ ಸೂರ್ಯನಾರಾಯಣರು ಎದ್ದು ನಿಂತರು.

ಅಡಕೆ ತಟ್ಟೆಯ ಕೆಳಗೆ ಲಕೋಟೆ ಬಂತು, ವಾಪಸ್ಸು ಹೋಯಿತು. ದೊಡ್ಡವರೊಬ್ಬರ ಟೆಲಿಫೋನು ಬಂತು. ಲೈನು ಸರಿಯಿಲ್ಲವೆಂದು ಇಟ್ಟರು. ಸನ್ಮಾನಪೂರ್ವಕವಾಗಿ ಬೀದರಿಗೆ ವರ್ಗವಾಯಿತು. ಬೀದರಿನಿಂದ ಒಂಬತ್ತು ಸಲ ಅರಸೀಕೆರೆಯ ಕೋರ್ಟಿಗೆ ಬಂದು ಸಾಕ್ಷಿ ನುಡಿದರು. ನಾಲ್ಕನೆಯ ವರ್ಷ ಗೋಪಿನಾಥನಿಗೆ ಶಿಕ್ಷೆಯಾಯಿತು.

ಈ ಕಥೆಗೆ ಈಗ ನಲವತ್ತೈದು ವರ್ಷ ತುಂಬಿತ್ತು, ಸೂರ್ಯನಾರಾಯಣರಿಗೆ ಎಂಬತ್ತು. ಹೆಂಡತಿ ಕಾತ್ಯಾಯಿನಿಯೊಡನೆ ಅಮೆರಿಕದ ಡರ್ಹಮ್ಮಿನಲ್ಲಿರುವ ಮಗಳು ಶ್ರೀಲತಾಳ ಮನೆಗೆ ಬಂದು ನೆಲೆಸಿ ಐದು ವರ್ಷವಾಗಿತ್ತು. ಅಷ್ಟರಲ್ಲಿ ಅವರು ಅರಸೀಕೆರೆಯ ಪ್ರಸಂಗವನ್ನು ವಿಮಾನದ ಪಕ್ಕದ ಸೀಟಿನವರಿಗೆ, ಅಂಚೆ ಹಂಚುವ ಹೆಂಗಸಿಗೆ, ಕನ್ನಡ ಕೂಟದ ಎರಡು ಕಾರ್ಯಕಾರಿ ಸಮಿತಿಗಳಿಗೆ ಹೇಳಿ ಮುಗಿಸಿದ್ದರು. ದಂತವೈದ್ಯರೊಬ್ಬರು ಮಾತ್ರ ತಪ್ಪಿಸಿಕೊಂಡಿದ್ದರು. ಅಲ್ಲಿ ಬಾಯಿ ಇವರದೇ ಆದರೂ ಅದರೊಳಗಿನ ಕೈ ಅವರದು. ಮನೆಯಲ್ಲಿ ಅಳಿಯ ಗುರುದತ್ತನಿಗೆ, ಮಾವನವರು 'ಎಪ್ಪತ್ತೊಂಬತ್ತನೇ ಇಸವಿ' ಎಂದ ಕೂಡಲೇ ಮೀಟಿಂಗ್ ನೆನಪಾಗುತ್ತಿತ್ತು. ಹದಿನೈದರ ಮೊಮ್ಮಗಳು ಅಮೂಲ್ಯಾ, ತಾತನ ಬೆನ್ನ ಹಿಂದೆ ನಿಂತು ಅವರ ಮಾತಿಗೆ ಸರಿಯಾಗಿ ತುಟಿಯಾಡಿಸುತ್ತ, ಹೆಗಲಿನ ಭಾಗ ಬಂದಾಗ ತನ್ನ ಹೆಗಲನ್ನು ಸರಿಯಾಗಿ ನಾಲ್ಕು ಬೆರಳು ಇಳಿಸುತ್ತಿದ್ದಳು.

ಆದುದರಿಂದ ಸೂರ್ಯನಾರಾಯಣರು ಪ್ರತಿ ಮಂಗಳವಾರ ಹಿರಿಯ ನಾಗರಿಕರ ಕೇಂದ್ರಕ್ಕೆ ಹೋಗತೊಡಗಿದರು. ಅಲ್ಲಿ ಲಿಯಾಂಗ್ ಎಂಬ ಎಂಬತ್ತನಾಲ್ಕು ವರ್ಷದ ಚೀನೀ ಮೇಷ್ಟ್ರು ಕುಂಚದಿಂದ ಅಕ್ಷರ ಬರೆಯುವುದನ್ನು ಕಲಿಸುತ್ತಿದ್ದರು. ತಮ್ಮ ದೇಶದಲ್ಲಿ ಮೂವತ್ತೈದು ವರ್ಷ ಹಳೆಯ ಗ್ರಂಥಭಾಷೆಯನ್ನು ಪಾಠ ಹೇಳಿದವರು. ಇಂಗ್ಲಿಷು ಅವರಿಗೆ ಎಣಿಸಿ ತಂದ ಚಿಲ್ಲರೆಯಂತೆ. ಬೇಕಾದಷ್ಟನ್ನು ಮಾತ್ರ ತೆಗೆಯುತ್ತಿದ್ದರು. ಸೂರ್ಯನಾರಾಯಣರ ಸರ್ಕಾರಿ ಇಂಗ್ಲಿಷು ಹಾಗಲ್ಲ, ತುಂಬಿ ಹರಿಯುತ್ತಿತ್ತು. ಆದ್ದರಿಂದ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು.

ಆ ತರಗತಿಯಲ್ಲಿ ಕನ್ನಡ ಬಲ್ಲ ಇನ್ನೊಬ್ಬರಿದ್ದರು. ಮೈಸೂರಿನ ಮಂಡಿ ಮೊಹಲ್ಲಾದ ಗೌಹರ್ ಅವರು, ಖಜಾನೆ ಇಲಾಖೆಯಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು, ಈಗ ಮಗ ತಾಬಿಶನ ಮನೆಯಲ್ಲಿದ್ದರು. ಎದುರಿಗಿರುವವರ ಮುಖಕ್ಕಿಂತ ಅವರ ಹಿಂದಿನ ಗೋಡೆಯನ್ನು ಹೆಚ್ಚಾಗಿ ನೋಡುವುದು ಅವರ ರೂಢಿ. ಖಜಾನೆಯಲ್ಲಿ ಸಾವಿರಾರು ಬಿಲ್ಲುಗಳನ್ನು ವಾಪಸ್ಸು ಮಾಡಿದವರಿಗೆ ಬರುವ ನೋಟ ಅದು.

ತರಗತಿಯ ಏರ್‌ಕಂಡೀಷನರ್ ಗಾಳಿಗೆ ಕಾಗದಗಳು ಹಾರುತ್ತಿದ್ದವು. ಎಲ್ಲರೂ ಕಾಫಿ ಲೋಟ, ಕೀಲಿಗೊಂಚಲು, ಕನ್ನಡಕದ ಪೆಟ್ಟಿಗೆ ಇಡುತ್ತಿದ್ದಾಗ, ಸೂರ್ಯನಾರಾಯಣರು ಎರಡನೆಯ ವಾರ ಚೀಲದಿಂದ ಒಂದು ಹಿತ್ತಾಳೆಯ ಬಟ್ಟು ತೆಗೆದು ಕಾಗದದ ತಲೆಯ ಮೇಲಿಟ್ಟರು. ಒಂದು ಕಿಲೋಗ್ರಾಂ. ಹಿಡಿಯಲು ಮೇಲೊಂದು ಗುಂಡಿ, ಪಕ್ಕದಲ್ಲಿ ಕೆತ್ತಿದ ಅಕ್ಷರ. ಅಂಗಡಿಗಳ ಬಟ್ಟುಗಳು ಸರಿಯೋ ತಪ್ಪೋ ಎಂದು ಯಾವುದರಿಂದ ಅಳೆಯುತ್ತಿದ್ದರೋ, ಆ ಮೂಲ ಪ್ರಮಾಣದ ಬಟ್ಟು. ಲಿಯಾಂಗ್ ಮೇಷ್ಟ್ರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಹನ್ನೊಂದು ವರ್ಷದಲ್ಲಿ ಈ ಕೋಣೆಗೆ ಬಂದ ಮೊದಲ ಯೋಗ್ಯ ವಸ್ತು ಇದೆಂದರು. ಸೂರ್ಯನಾರಾಯಣರಿಗೆ ಆ ಹೊಗಳಿಕೆಯಲ್ಲಿ ತಮ್ಮದೂ ಒಂದು ಪಾಲಿದೆಯೆನ್ನಿಸಿತು.

ಲಿಯಾಂಗ್ ಮೇಷ್ಟ್ರದೊಂದು ಪದ್ಧತಿಯಿತ್ತು. ಏಪ್ರಿಲ್ ತಿಂಗಳಲ್ಲಿ ಪುಸ್ತಕಾಲಯದ ಸಭಾಂಗಣದಲ್ಲಿ ಪ್ರದರ್ಶನ. ಅಂದು ಪ್ರತಿಯೊಬ್ಬ ಶಿಷ್ಯನ ಬದುಕಿನ ಒಂದು ಪ್ರಸಂಗವನ್ನು ಎಲ್ಲರೆದುರು ಓದುವುದು. ಕೇಳಿದ ಮೇಲೆ ಮೇಷ್ಟ್ರು ಆ ವ್ಯಕ್ತಿಗೆ ತಕ್ಕ ಒಂದೇ ಒಂದು ಅಕ್ಷರವನ್ನು ಅಲ್ಲೇ ಬರೆದುಕೊಡುವುದು. ಅದು ಹೆಸರಿನೊಡನೆ ಒಂದು ತಿಂಗಳು ಗೋಡೆಯ ಮೇಲಿರುವುದು. ಹಿಂದಿನ ವರ್ಷ ಒಬ್ಬರಿಗೆ ತಾಳ್ಮೆ, ಇನ್ನೊಬ್ಬರಿಗೆ ತಿಳಿನೀರು ಸಿಕ್ಕಿತ್ತು. ಗೌಹರ್ ಅವರಿಗೆ ನೇರ ಎಂಬ ಅರ್ಥದ ಅಕ್ಷರ ಸಿಕ್ಕಿತ್ತು. ಅದನ್ನು ಮಗ ಸೊಸೆಗೆ ಕಾಣುವಂತೆ ಊಟದ ಮೇಜಿನೆದುರು ತೂಗುಹಾಕಿದ್ದರು.

ಸೂರ್ಯನಾರಾಯಣರಿಗೆ ಬೇಕಾಗಿದ್ದದ್ದು ಬೇರೆ. ಮೇಷ್ಟ್ರ ಹಳೆಯ ಪುಸ್ತಕದಲ್ಲಿ ಒಂದು ಅಕ್ಷರ ಕಂಡಿದ್ದರು. ಜ್ಯೆ ಎಂದು ಅದರ ಉಚ್ಚಾರ. ಮೇಲ್ಭಾಗದಲ್ಲಿ ಬಿದಿರಿನ ಎರಡು ಎಲೆ. ಮೊದಲ ಅರ್ಥ ಬಿದಿರಿನ ಗೆಣ್ಣು. ಬಿದಿರು ಬಾಗುತ್ತದೆ, ತೂಗುತ್ತದೆ, ಒಳಗೆ ಟೊಳ್ಳು. ಆದರೆ ಗೆಣ್ಣಿದ್ದಲ್ಲಿ ಅದು ಯಾವ ಗಾಳಿಗೂ ಬಗ್ಗುವುದಿಲ್ಲ. ಅದರಿಂದಾಗಿ ಗ್ರಂಥಭಾಷೆಯಲ್ಲಿ ಮನುಷ್ಯನ ಮುರಿಯದ ಶೀಲಕ್ಕೆ ಅದೇ ಹೆಸರು. ಸೂರ್ಯನಾರಾಯಣರು ಅದಕ್ಕೆ ಕನ್ನಡದಲ್ಲಿ ಪ್ರಾಮಾಣಿಕತೆ ಎಂದು ಬರೆದುಕೊಂಡರು, ತೆಳುವೆನಿಸಿ ಹೊಡೆದುಹಾಕಿದರು. ಋಜುತ್ವ ಎಂದು ಬರೆದರು, ಪರವಾಗಿಲ್ಲ ಎನ್ನಿಸಿತು. ಕೊನೆಗೆ ಆ ಪುಟದಲ್ಲಿ ತಮ್ಮ ಹೆಸರನ್ನೇ ಬರೆದು, ಯಾರೂ ನೋಡದ ಹಾಗೆ ಪುಟ ಮಗುಚಿದರು.

ಈ ಅಕ್ಷರವನ್ನು ಮೇಷ್ಟ್ರು ಈ ದೇಶದಲ್ಲಿ ಯಾರಿಗೂ ಬರೆದುಕೊಟ್ಟಿರಲಿಲ್ಲ. ಸೂರ್ಯನಾರಾಯಣರು ಅರಸೀಕೆರೆಯ ಪ್ರಸಂಗವನ್ನು ಅವರಿಗೆ ಒಂದು ಸಲ ಹೇಳಿದರು, ಮೇಷ್ಟ್ರು ತಲೆದೂಗಿದರು. ಎರಡನೆಯ ಸಲ ಹೇಳಿದರು. ನಾಲ್ಕನೆಯ ಸಲ ಹೇಳಿದಾಗ, ಆಗಲಿ, ಏಪ್ರಿಲ್‌ನಲ್ಲಿ ಆ ಅಕ್ಷರವನ್ನೇ ಬರೆಯೋಣವೆಂದು ಒಪ್ಪಿಕೊಂಡರು.

ಒಪ್ಪಿಕೊಂಡ ಸಂತೋಷಕ್ಕೆ ಮೇಷ್ಟ್ರು ಆ ಅಕ್ಷರದ ಇನ್ನೊಂದು ಚರಿತ್ರೆಯನ್ನು ಹೇಳಿದರು. ಹಿಂದೆ ದೊರೆಗಳು ರಾಯಭಾರಿಗೆ ಒಂದು ಬಿದಿರಿನ ಕೋಲನ್ನು ಅಧಿಕಾರದ ಗುರುತಾಗಿ ಕೊಡುತ್ತಿದ್ದರು. ಆ ಕೋಲಿಗೂ ಇದೇ ಹೆಸರು. ಒಬ್ಬ ರಾಯಭಾರಿಯನ್ನು ಉತ್ತರದ ಶತ್ರುಗಳು ಹಿಡಿದು, ಟಗರುಗಳ ಮಂದೆಯೊಂದನ್ನು ಕೊಟ್ಟು, ಇವು ಹಾಲು ಕರೆದ ದಿನ ನಿನ್ನನ್ನು ಬಿಡುತ್ತೇವೆಂದರು. ಹತ್ತೊಂಬತ್ತು ವರ್ಷ ಅವನು ಹಿಮದಲ್ಲಿ ಟಗರು ಕಾಯ್ದ. ಮಲಗುವಾಗಲೂ ಕೋಲು ಕೈಯಲ್ಲಿ. ಅದರ ಕುಚ್ಚುಗಳೆಲ್ಲ ಉದುರಿ ಕೋಲು ಬೋಳಾಯಿತು, ಇವನ ತಲೆಯೂ ಬೆಳ್ಳಗಾಯಿತು. ಕೊನೆಗೆ ಬಿಡುಗಡೆಯಾಗಿ ಊರಿಗೆ ಬಂದ.

ಸೂರ್ಯನಾರಾಯಣರಿಗೆ ಕಣ್ಣು ತುಂಬಿತು. ಬೀದರಿನ ಬಿಸಿಲು ನೆನಪಾಯಿತು. ಆ ಕೋಲನ್ನು ಅವನ ಮೊಮ್ಮಕ್ಕಳು ಇಟ್ಟುಕೊಂಡಿದ್ದಾರೆಯೇ ಎಂದು ಕೇಳಿದರು.

ಮೇಷ್ಟ್ರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇಲ್ಲ. ವಾಪಸ್ಸು ಕೊಟ್ಟ. ಕೋಲು ದೊರೆಯದ್ದಲ್ಲವೇ?"

ಗೌಹರ್ ಅವರು ಆ ಹೊತ್ತಿಗೆ ಗೋಡೆಯನ್ನು ನೋಡುತ್ತಿರಲಿಲ್ಲ. ಸೂರ್ಯನಾರಾಯಣರ ಕಾಗದದ ತಲೆಯ ಮೇಲಿದ್ದ ಹಿತ್ತಾಳೆಯನ್ನು ನೋಡುತ್ತಿದ್ದರು. ತರಗತಿ ಮುಗಿದು ಕುಂಚ ತೊಳೆಯುವಾಗ ಅದನ್ನು ಎತ್ತಿ, ಕನ್ನಡಕ ಏರಿಸಿ ಓದಿದರು.

"ಇನ್ಸ್‌ಪೆಕ್ಟರ್ ಸಾಹೇಬ್ರೇ, ಇದ್ರ ಮೇಲೆ ಕರ್ನಾಟಕ ಸರ್ಕಾರ ಅಂತ ಕೆತ್ತಿದೆ. ಕೆಳಗೆ ದಾಸ್ತಾನು ನಂಬರೂ ಇದೆ."

"ನೆನಪಿಗೆ ಅಂತ ಇಟ್ಕೊಂಡಿದ್ದೀನಿ."

"ಇಲಾಖೆಯವ್ರು ಕೊಟ್ರಾ, ನೀವೇ ಇಟ್ಕೊಂಡ್ರಾ?"

ಸೂರ್ಯನಾರಾಯಣರು ಕುಂಚವನ್ನು ಎರಡನೆಯ ಸಲ ತೊಳೆದರು.

"ಮೂವತ್ತೊಂದು ವರ್ಷ ಖಜಾನೇಲಿ ಕೂತಿದ್ದೀನಿ ನಾನು," ಎಂದರು ಗೌಹರ್. "ರಿಟೈರ್ ಆದವ್ರಿಗೆ ಹಾರ ಹಾಕೋರು, ಶಾಲು ಹೊದಿಸೋರು, ಗಂಧದ ಗಣಪತಿ ಕೊಡೋರು. ನಂಬರ್ ಇರೋ ಸಾಮಾನು ಕೊಟ್ಟಿದ್ದು ನೋಡಿಲ್ಲ. ಹೆದರ್ಕೋಬೇಡಿ, ಯಾರಿಗೂ ಹೇಳಲ್ಲ. ನಾನು ಹೇಳಿದ್ರೆ ನಿಮಗೇ ಸಲೀಸಾಗ್ತಿತ್ತು, ನೀವೇ ಹೇಳೋ ಕಷ್ಟ ತಪ್ತಿತ್ತು."

ಆ ಬಟ್ಟು ಮನೆಗೆ ಬಂದ ಬಗೆ ಹೀಗೆ. ಎರಡು ಸಾವಿರದ ಎರಡರ ಮೇ ತಿಂಗಳಲ್ಲಿ, ನಿವೃತ್ತಿಗೆ ಒಂದು ವಾರ ಮೊದಲು, ಮನೆಬಾಗಿಲಿನ ತರಕಾರಿಯವನ ತೂಕದ ಮೇಲೆ ಸಂಶಯ ಬಂದು, ಸೂರ್ಯನಾರಾಯಣರು ಕಛೇರಿಯ ಪೆಟ್ಟಿಗೆಯಿಂದ ಒಂದು ಕಿಲೋ ಬಟ್ಟನ್ನು ಮನೆಗೆ ತಂದರು. ತರಕಾರಿಯವನು ನಿರಪರಾಧಿಯೆಂದು ತಿಳಿಯಿತು. ಬಟ್ಟು ಅಡುಗೆಮನೆ ಸೇರಿತು. ಕಾತ್ಯಾಯಿನಮ್ಮನವರು ಅದನ್ನು ಮಾಳಿಗೆಯ ಮೇಲೆ ಸಂಡಿಗೆ ಹಾಕಿದ ಪಂಚೆಯ ಮೂಲೆ ಗಾಳಿಗೆ ಏಳದಂತೆ ಇಟ್ಟರು. ಮೂವತ್ತೊಂದನೆಯ ತಾರೀಕು, ಪೆಟ್ಟಿಗೆಯನ್ನು ಒಪ್ಪಿಸಿಕೊಳ್ಳಬೇಕಾದವನು ಅವರೇ ಕೈಹಿಡಿದು ಕೆಲಸ ಕಲಿಸಿದ ಯಶವಂತ್. ಪೆಟ್ಟಿಗೆ ತೆರೆಯೆಂದು ಇವರು ಹೇಳಿದರು. ನಿಮ್ಮ ಪೆಟ್ಟಿಗೆಯನ್ನು ತೆರೆದು ನೋಡುವುದೇ ಸಾರ್, ಎಂದು ಅವನು ಕಣ್ಣೀರು ತಂದುಕೊಂಡು, ಎಲ್ಲವೂ ಸರಿಯಾಗಿದೆ ಎಂಬ ಪತ್ರಕ್ಕೆ ಸಹಿ ಹಾಕಿದ. ಕೆಳಗೆ ಇವರೂ ಹಾಕಿದರು. ಸಂಜೆ ಹಾರದ ಸಮೇತ ಮನೆಗೆ ಬಂದು ಮಾಳಿಗೆ ಹತ್ತಿದಾಗ, ಸಂಡಿಗೆಯ ಮೂಲೆಯಲ್ಲಿ ಬಟ್ಟು ಹೊಳೆಯುತ್ತಿತ್ತು.

ಮರುದಿನವೇ ಕೊಡಬಹುದಿತ್ತು. ಆದರೆ ಕೊಟ್ಟರೆ, ಸಹಿ ಹಾಕಿದ್ದು ಸುಳ್ಳು ಪತ್ರಕ್ಕೆ ಎಂದಾಗುತ್ತಿತ್ತು. ವಾರ ಕಳೆಯಿತು, ವರ್ಷ ಕಳೆಯಿತು. ಸ್ವಲ್ಪ ಕಾಲದ ಮೇಲೆ ಅವರೇ ಅದನ್ನು ಸ್ಮರಣಿಕೆಯೆಂದು ಕರೆಯತೊಡಗಿದರು; ಆಮೇಲೆ ಹಾಗೆಂದೇ ನಂಬಿದರು; ಕೊನೆಗೆ ಸೀರೆಯಲ್ಲಿ ಸುತ್ತಿ ಅಮೆರಿಕಕ್ಕೆ ತಂದರು.

ಹತ್ತೊಂಬತ್ತು ವರ್ಷ ಕೋಲು ಹಿಡಿದು ನಿಂತವನೊಬ್ಬ; ಇಪ್ಪತ್ತೆರಡು ವರ್ಷ ಬಟ್ಟು ಇಟ್ಟುಕೊಂಡವನೊಬ್ಬ. ಹೊತ್ತು ಮುಳುಗುವ ಮೊದಲೇ ಸೂರ್ಯನಾರಾಯಣರು ಒಂದು ತೀರ್ಮಾನಕ್ಕೆ ಬಂದರು. ಪ್ರದರ್ಶನಕ್ಕೆ ಇನ್ನೂ ಹನ್ನೊಂದು ದಿನವಿದೆ. ಅಷ್ಟರಲ್ಲಿ ಬಟ್ಟು ಹಿಂದಿರುಗಿಸುವ ವ್ಯವಸ್ಥೆಯಾದರೆ ಅಕ್ಷರ ಪಡೆಯಲು ಅಡ್ಡಿಯಿಲ್ಲ.

ಮರುದಿನ ಬೆಳಿಗ್ಗೆ, ಅಲ್ಲಿಯ ಸಂಜೆಯ ಹೊತ್ತಿಗೆ, ಯಶವಂತನಿಗೆ ಫೋನು ಮಾಡಿದರು. ಅವನೀಗ ಮೇಲಿನ ಅಧಿಕಾರಿ. ಮುಂದಿನ ತಿಂಗಳ ಕೊನೆಗೆ ಅವನದೂ ನಿವೃತ್ತಿ. ಗುರುಗಳ ದನಿ ಕೇಳಿ ಕುರ್ಚಿಯಿಂದ ಎದ್ದು ನಿಂತದ್ದು ಇಲ್ಲಿಗೂ ಕೇಳಿಸಿತು. ಇವರು ವಿಷಯವನ್ನು ಪೀಠಿಕೆ ಸಮೇತ ಹೇಳಿದರು.

"ಸಾರ್, ಅದು ಕಳೆದೇ ಇಲ್ಲವಲ್ಲ."

"ನನ್ನ ಕೈಯಲ್ಲಿದೆ ಕಣಯ್ಯಾ."

"ನಿಮ್ಮ ಕೈಯಲ್ಲಿರ್ಬೋದು ಸಾರ್. ರೆಕಾರ್ಡಲ್ಲಿ ಪೆಟ್ಟಿಗೇಲಿದೆ. ಎರಡು ಸಾವಿರದ ಒಂಬತ್ತನೇ ಇಸವೀಲಿ ಹಳೇದಾಯ್ತು ಅಂತ ಇಡೀ ಪೆಟ್ಟಿಗೇನೇ ವಿಲೇವಾರಿ ಮಾಡಿದ್ವಿ. ಇರೋ ಸಾಮಾನು ಕಳೆದ್ರೆ ಫಾರಂ ಇದೆ. ಕಳೀದೇ ಇರೋದು ವಾಪಸ್ ಬಂದ್ರೆ ಯಾವ ಫಾರಮ್ಮೂ ಇಲ್ಲ ಸಾರ್."

ಸೂರ್ಯನಾರಾಯಣರು ಬಗ್ಗಲಿಲ್ಲ. ಅಂಚೆಯಲ್ಲಿ ಕಳಿಸುತ್ತೇನೆ, ಕಾರಣ ಬರೆದು ಕಳಿಸುತ್ತೇನೆ ಎಂದರು. ಬಂದರೆ ವಿಚಾರಣೆಯಾಗುತ್ತದೆ, ವಿಚಾರಣೆಯಾದರೆ ತನ್ನ ಪಿಂಚಣಿ ನಿಲ್ಲುತ್ತದೆ ಎಂದು ಯಶವಂತ್ ಬೇಡಿಕೊಂಡ. ನಿನ್ನ ಪಿಂಚಣಿ ಯಾಕೆ ನಿಲ್ಲಬೇಕು, ತಪ್ಪು ನನ್ನದಲ್ಲವೇ ಎಂದು ಇವರು ಗದರಿದರು. ಗದರಿದ ಮೇಲೆಯೇ ಇನ್ಸ್‌ಪೆಕ್ಟರ್ ಬುದ್ಧಿ ಎಚ್ಚೆತ್ತುಕೊಂಡಿತು.

"ಯಶವಂತಾ, ಎರಡರಿಂದ ಒಂಬತ್ತರವರೆಗೆ ವರ್ಷವರ್ಷವೂ ಪೆಟ್ಟಿಗೆ ತಪಾಸಣೆ ಆಗಬೇಕಿತ್ತಲ್ಲ. ಯಾರು ಮಾಡ್ತಿದ್ರು?"

"ನಾನೇ ಸಾರ್."

"ಏನಂತ ಬರೀತಿದ್ದೆ?"

"ಎಲ್ಲಾ ಸರಿಯಾಗಿದೆ ಅಂತ."

"ಏಳು ವರ್ಷವೂ?"

"ಏಳು ವರ್ಷವೂ. ಒಂದು ಕಿಲೋ ಬೇಕಾದಾಗ ಪಕ್ಕದ ತಾಲ್ಲೂಕಿಂದ ಎರವಲು ತರ್ತಿದ್ದೆ. ನಿಮ್ಮ ಹೆಸರಿಗೆ ಒಂದು ಗೀಟೂ ಬೀಳಬಾರ್ದು ಅಂತ, ಸಾರ್."

ಸೂರ್ಯನಾರಾಯಣರು ಫೋನು ಇಟ್ಟು ಕಿಟಕಿಯ ಬಳಿ ಕೂತರು. ಹೊರಗೆ ಪೈನ್ ಮರಗಳ ಪರಾಗ ಸುರಿದು ಅಂಗಳದ ಕಾರುಗಳೆಲ್ಲ ಅರಿಸಿನ ಎರಚಿದಂತಿದ್ದವು. ಗೋಪಿನಾಥನ ಬಟ್ಟುಗಳಿಂದ ರೈತರಿಗೆ ಒಂದೂಕಾಲು ಕಿಲೋ ನಷ್ಟವಾಗುತ್ತಿತ್ತು, ಅದನ್ನು ಅಳೆಯಬಹುದಿತ್ತು. ಕಟ್ಟುನಿಟ್ಟಿನ ಹುಡುಗನೊಬ್ಬ ಇವರ ದೆಸೆಯಿಂದ ವರ್ಷಕ್ಕೊಂದರಂತೆ ಏಳು ಸುಳ್ಳು ಸಹಿ ಹಾಕಿದ್ದ. ಅದನ್ನು ಅಳೆಯುವ ಬಟ್ಟು ಯಾವ ಇಲಾಖೆಯಲ್ಲೂ ಇರಲಿಲ್ಲ.

ಕಾತ್ಯಾಯಿನಮ್ಮ ಕಾಫಿ ತಂದಿಟ್ಟು, ಗಂಡನ ಮುಖ ನೋಡಿ ಕಾರಣ ಕೇಳಿದರು. ಇವರು ಎಲ್ಲವನ್ನೂ ಹೇಳಿದರು. ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ.

"ಸಂಡಿಗೆ ಮೇಲೆ ಇಟ್ಟವಳೇ ನಾನು, ನನಗೆ ಗೊತ್ತಿಲ್ವೇ? ಅವತ್ತೇ ಕೇಳಿದ್ದೆ, ಇದನ್ನ ಕೊಡ್ಬೇಡ್ವೇನ್ರೀ ಅಂತ. ನೀವು ಹಾರ ತೆಗೆಯೋದ್ರಲ್ಲಿದ್ರಿ."

ಇವರು ಆ ಅಕ್ಷರ ಬೇಡವೆಂದು ಮೇಷ್ಟ್ರಿಗೆ ಮೆಲ್ಲಗೆ ಹೇಳಿಬಿಡಲೇ ಎಂದು ಕೇಳಿದರು. ಮೈ ಸರಿಯಿಲ್ಲವೆಂದು ಹೋಗದೆಯೂ ಇರಬಹುದು. ಅದನ್ನು ಕೇಳಿ ಕಾತ್ಯಾಯಿನಮ್ಮನವರು ಕಾಫಿ ಆರುತ್ತದೆಯೆಂದಷ್ಟೇ ಹೇಳಿ ಒಳಗೆ ಹೋದರು. ಐವತ್ತೆರಡು ವರ್ಷದ ಸಂಸಾರದಲ್ಲಿ ಅವರ ಕಡೆಯಿಂದ ಬಂದ ಅತ್ಯಂತ ಕಠಿಣ ತೀರ್ಪುಗಳೆಲ್ಲ ಕಾಫಿಯ ವಿಷಯವಾಗಿಯೇ ಇದ್ದವು.

ಇನ್ನೊಂದು ತೊಡಕಿತ್ತು. ಪ್ರದರ್ಶನದ ದಿನ ಪ್ರಸಂಗವನ್ನು ಇಂಗ್ಲಿಷಿನಲ್ಲಿ ಓದುವವಳು ಅಮೂಲ್ಯಾ. ತಾತನ ಬಾಯಿಪಾಠವನ್ನು ಎರಡು ಪುಟಕ್ಕೆ ಇಳಿಸಿ, ಟೈಪ್ ಮಾಡಿ ಇಟ್ಟುಕೊಂಡಿದ್ದಳು. ಊರಿನ ಮುಂದೆ ಮಾನ ಹೋಗುವುದನ್ನು ಸೂರ್ಯನಾರಾಯಣರು ಹೇಗೋ ಸಹಿಸಬಲ್ಲವರಾಗಿದ್ದರು; ಬೆನ್ನ ಹಿಂದೆ ತುಟಿಯಾಡಿಸುವ ಆ ಹುಡುಗಿಯ ಮುಂದೆ ಹೋಗುವುದನ್ನು ಮಾತ್ರ ನೆನೆದರೂ ಊಟ ಸೇರುತ್ತಿರಲಿಲ್ಲ. ನಾಲ್ಕು ದಿನ ಅವಳಿಗೆ ಹೇಳಲು ಹೋಗಿ, ಹೋಂವರ್ಕ್ ಆಯಿತೇ ಎಂದು ಕೇಳಿ ವಾಪಸ್ಸು ಬಂದರು. ಐದನೆಯ ದಿನ ಬಾಗಿಲು ಹಾಕಿಕೊಂಡು, ತಮಗೆ ತಿಳಿದಿದ್ದ ಒಂದೇ ಬಗೆಯಲ್ಲಿ ಬರೆದರು. ಯಶವಂತನ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ. ಅವನ ಏಳು ಸಹಿಗಳನ್ನು ಒಪ್ಪಿಕೊಳ್ಳಬೇಕಾದವನು ಅವನು, ತಮ್ಮದೊಂದನ್ನು ಒಪ್ಪಿಕೊಳ್ಳಬೇಕಾದವರು ತಾವು.

ಶನಿವಾರ ಸಭಾಂಗಣದಲ್ಲಿ ಅರವತ್ತು ಜನರಿದ್ದರು. ಕನ್ನಡ ಕೂಟದವರೂ ಒಂದು ಸಾಲು ಬಂದಿದ್ದರು. ಅದರ ಕಾರ್ಯದರ್ಶಿ ವಿಜಯಶ್ರೀ ಫೋಟೋ ತೆಗೆಯಲು ಎದುರಿಗೇ ನಿಂತಿದ್ದಳು. ಮೇಜಿನ ಮೇಲೆ ಬಿಳಿಯ ಹಾಳೆ, ಹಾಳೆಯ ತಲೆಯ ಮೇಲೆ ಹಿತ್ತಾಳೆಯ ಬಟ್ಟು. ಅಮೂಲ್ಯಾ ಚೆನ್ನಾಗಿ ಓದಿದಳು. ಹಮಾಲಿಯ ಹೆಗಲು ಬಂದಾಗ ಅವಳ ಹೆಗಲು ತಾನಾಗಿಯೇ ಇಳಿಯಿತು. ಜನ ಚಪ್ಪಾಳೆ ತಟ್ಟಿದರು. ಲಿಯಾಂಗ್ ಮೇಷ್ಟ್ರು ಕುಂಚವನ್ನು ಮಸಿಯಲ್ಲಿ ಅದ್ದಿ, ಅಂಚಿಗೆ ಒರೆಸಿ, ಕೈ ಎತ್ತಿದರು.

"ಮೇಷ್ಟ್ರೇ, ಒಂದು ನಿಮಿಷ," ಎಂದರು ಸೂರ್ಯನಾರಾಯಣರು. ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೊಮ್ಮಗಳ ಕೈಗೆ ಕೊಟ್ಟರು. "ಇದನ್ನೂ ಓದಮ್ಮ."

"ತಾತ, ಇದು ಪ್ರೋಗ್ರಾಮಲ್ಲಿ ಇಲ್ಲ."

"ಓದು."

ಅವಳು ಓದಿದಳು. ಅದು ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಾಗಿದ್ದರೆ ಹೀಗಿರುತ್ತಿತ್ತು. ಇವರಿಗೆ, ಶ್ರೀ ಲಿಯಾಂಗ್, ಕುಂಚಬರಹದ ಉಪಾಧ್ಯಾಯರು, ಡರ್ಹಮ್. ಮಾನ್ಯರೇ, ವಿಷಯ: ಒಂದು ಕಿಲೋಗ್ರಾಂ ಹಿತ್ತಾಳೆ ಬಟ್ಟು ಹಿಂದಿರುಗಿಸದ ಬಗ್ಗೆ. ಉಲ್ಲೇಖ: ದಿನಾಂಕ ೩೧-೫-೨೦೦೨ರ ನನ್ನ ಸಹಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಸದರಿ ಕಾಗದದ ಮೇಲೆ ಭಾರವಾಗಿ ಇಟ್ಟಿರುವ ವಸ್ತುವು ಕರ್ನಾಟಕ ಸರ್ಕಾರದ ಸ್ವತ್ತಾಗಿದ್ದು, ಸದರಿಯನ್ನು ನಾನು ತರಕಾರಿ ತೂಗುವ ನಿಮಿತ್ತ ಮನೆಗೆ ತಂದು, ಸಂಡಿಗೆಯ ನಿಮಿತ್ತ ಮರೆತು, ಮರ್ಯಾದೆಯ ನಿಮಿತ್ತ ಹಿಂದಿರುಗಿಸದೆ, ಎಲ್ಲವೂ ಸರಿಯಾಗಿದೆಯೆಂದು ಸಹಿ ಮಾಡಿರುತ್ತೇನೆ. ಆದಕಾರಣ ಸದರಿ ಅಕ್ಷರಕ್ಕೆ ನಾನು ಅರ್ಹನಲ್ಲವೆಂದು ಈ ಮೂಲಕ ತಿಳಿಯಪಡಿಸುತ್ತಾ, ಕಾಗದ ಮತ್ತು ಮಸಿ ವ್ಯರ್ಥವಾಗದಂತೆ ಮುಂದಿನ ಕ್ರಮಕ್ಕಾಗಿ ಪ್ರಾರ್ಥಿಸುತ್ತೇನೆ. ತಮ್ಮ ವಿಧೇಯ.

ಮೊದಲ ಎರಡು ಸಾಲಿಗೆ ಜನ ನಕ್ಕರು. ಸಂಡಿಗೆಯನ್ನು ಅಮೂಲ್ಯಾ ಅಲ್ಲೇ ವಿವರಿಸಬೇಕಾಗಿ ಬಂದಾಗ ಇನ್ನಷ್ಟು ನಕ್ಕರು. ಮರ್ಯಾದೆಯ ನಿಮಿತ್ತ ಎಂಬಲ್ಲಿಗೆ ಬಂದಾಗ ಅವಳು ಓದುವುದನ್ನು ನಿಲ್ಲಿಸಿ ತಾತನತ್ತ ನೋಡಿದಳು. ಉಳಿದದ್ದನ್ನು ಬಹಳ ನಿಧಾನವಾಗಿ ಓದಿದಳು. ಮುಗಿದಾಗ ಯಾರೂ ನಗಲಿಲ್ಲ. ವಿಜಯಶ್ರೀ ಫೋನನ್ನು ಕೆಳಗಿಳಿಸಿದಳು.

ಲಿಯಾಂಗ್ ಮೇಷ್ಟ್ರು ಕುಂಚವನ್ನು ಆಸರೆಯ ಮೇಲೆ ಮಲಗಿಸಿದರು. ಅವರ ಮುಖದಲ್ಲಿ ಕಂಡದ್ದು ಕೋಪವಲ್ಲ, ಬಹಳ ದಿನದ ಹಲ್ಲುನೋವು ನಿಂತವರ ಸಮಾಧಾನ. ಈ ಅಕ್ಷರವನ್ನು ಬದುಕಿರುವವರಿಗೆ ಬರೆಯಕೂಡದೆಂದು ತಮ್ಮ ಗುರುಗಳು ಹೇಳಿದ್ದರು; ಮನುಷ್ಯ ಸತ್ತ ಮೇಲೆ ಬರೆಯಬೇಕು, ಅಲ್ಲಿಯವರೆಗೆ ಏನು ಬೇಕಾದರೂ ಆಗಬಹುದು. ಆದರೂ ತಾವು ಒಪ್ಪಿಕೊಂಡುಬಿಟ್ಟಿದ್ದಾಗಿ ಹೇಳಿದರು.

"ಯಾಕೆ ಒಪ್ಪಿದಿರಿ?" ಎಂದು ಕೇಳಿದರು ಸೂರ್ಯನಾರಾಯಣರು.

"ನೀವು ನಾಲ್ಕು ಸಲ ಹೇಳಿದಿರಿ. ಐದನೆಯ ಸಲಕ್ಕೆ ಹೆದರಿದೆ."

ಅನಂತರ ಮೇಷ್ಟ್ರು ಹೊಸದಾಗಿ ಕುಂಚ ಅದ್ದಿ, ಒಂದು ಉಸಿರಿನಲ್ಲಿ ಬೇರೆ ಅಕ್ಷರ ಬರೆದರು. ಎಡಗಡೆ ಒಂದು ಕಿವಿ, ಬಲಗಡೆ ಒಂದು ಹೃದಯ. ಅರ್ಥ ನಾಚಿಕೆ. ರಾಜ್ಯವೆಂಬ ಡೇರೆಯನ್ನು ನಾಲ್ಕು ಹಗ್ಗಗಳು ಹಿಡಿದಿವೆಯೆಂದು ಹಳೆಯ ಗ್ರಂಥವೊಂದು ಹೇಳುತ್ತದಂತೆ. ನಾಲ್ಕನೆಯ ಹಗ್ಗ ಇದು, ಇದು ಹರಿದರೆ ಉಳಿದ ಮೂರರಿಂದ ಪ್ರಯೋಜನವಿಲ್ಲ. ಇದನ್ನು ಬದುಕಿರುವವರಿಗೇ ಬರೆಯಬೇಕು, ಸತ್ತವರಿಗೆ ಉಪಯೋಗವಿಲ್ಲವೆಂದರು ಮೇಷ್ಟ್ರು.

ಹಾಗೆ ಡರ್ಹಮ್ಮಿನ ಪುಸ್ತಕಾಲಯದ ಗೋಡೆಯ ಮೇಲೆ, ಮಂಡಿಯ ಒಂದು ಲೋಟ ಕಾಫಿಯನ್ನೂ ಮುಟ್ಟದ ಸೂರ್ಯನಾರಾಯಣರ ಹೆಸರು, ನಾಚಿಕೆ ಎಂಬ ಅಕ್ಷರದ ಕೆಳಗೆ ಒಂದು ತಿಂಗಳು ತೂಗುವುದಾಯಿತು. ಕನ್ನಡ ಕೂಟದವರು ಅರ್ಥ ಕೇಳಿದಾಗ ಅವರು ನಾಲ್ಕು ಹಗ್ಗಗಳಿಂದ ಪ್ರಾರಂಭಿಸುತ್ತಿದ್ದರು; ಬಹಳ ಜನ ಎರಡನೆಯ ಹಗ್ಗದಲ್ಲೇ ಊಟಕ್ಕೆ ಹೋದರು. ಕಾತ್ಯಾಯಿನಮ್ಮ ಅಕ್ಷರವನ್ನು ತಲೆ ವಾರೆ ಮಾಡಿ ನೋಡಿ, ಬರವಣಿಗೆ ಚೆನ್ನಾಗಿದೆ, ಮನೆಗೆ ತಂದ ಮೇಲೆ ನಡುಮನೆಯಲ್ಲೇ ತೂಗುಹಾಕೋಣವೆಂದರು.

ಬಟ್ಟಿನ ವಿಚಾರಕ್ಕೆ ಗೌಹರ್ ಅವರು ವ್ಯವಸ್ಥೆ ಮಾಡಿದರು. ಜೂನ್‌ನಲ್ಲಿ ತಾಬಿಶ್ ಬೆಂಗಳೂರಿಗೆ ಹೋಗುವವನಿದ್ದ, ಬಟ್ಟನ್ನು ಯಶವಂತನ ಕೈಗೆ ತಲುಪಿಸುವವನು ಅವನೇ. ಅಷ್ಟರಲ್ಲಿ ಯಶವಂತನ ನಿವೃತ್ತಿಯೂ ಆಗಿರುತ್ತಿತ್ತು. ಕಛೇರಿಗೆ ಹಳಬನಂತೆ ಹೋಗಿ, ಬೆಕ್ಕಿನ ಮರಿ ಬಿಟ್ಟು ಬರುವ ಹಾಗೆ ಅದನ್ನು ಕಪಾಟಿನ ಮೇಲೆ ಬಿಟ್ಟು ಬರುತ್ತೇನೆ, ರಸೀತಿ ಮಾತ್ರ ಕೇಳಬೇಡಿ ಸಾರ್, ಎಂದು ಯಶವಂತ್ ಆಮೇಲೊಮ್ಮೆ ಫೋನಿನಲ್ಲಿ ಹೇಳಿದ್ದ. ತಾಬಿಶನಿಂದಲಾದರೂ ಒಂದು ರಸೀತಿ ಬೇಕೆಂದು ಸೂರ್ಯನಾರಾಯಣರು ಪ್ರದರ್ಶನದ ದಿನವೇ ಸಭಾಂಗಣದಲ್ಲಿ ಪಟ್ಟು ಹಿಡಿದರು. ಮಗನ ಪರವಾಗಿ ಗೌಹರ್ ಅವರೇ ಕರಡು ತಯಾರಿಸಿ, ಎರಡು ತಪ್ಪು ತೋರಿಸಿ, ತಮಗೆ ತಾವೇ ವಾಪಸ್ಸು ಮಾಡಿಕೊಂಡು, ಮೂರನೆಯ ಸಲ ಸಹಿ ಹಾಕಿದರು.

ಅಂದು ಮನೆಗೆ ಹೋಗುವಾಗ ಅಮೂಲ್ಯಾ ಡ್ರೈವ್ ಮಾಡುತ್ತಿದ್ದಳು. ಕಲಿಯುವವರ ಪರ್ಮಿಟ್ಟು ಬಂದು ಎರಡು ವಾರವಾಗಿತ್ತು. ಶ್ರೀಲತಾ ಪಕ್ಕದ ಸೀಟಿನಲ್ಲಿ ಕಾಲಿನ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತ ಕೂತಿದ್ದಳು. ಹಿಂದಿನ ಸೀಟಿನಲ್ಲಿ ಅಜ್ಜ ಅಜ್ಜಿ. ಸೂರ್ಯನಾರಾಯಣರು ಮೊಮ್ಮಗಳ ಬೆನ್ನನ್ನೇ ನೋಡುತ್ತಿದ್ದರು. ಇನ್ನು ಮುಂದೆ ಈ ಮನೆಯಲ್ಲಿ ಅರಸೀಕೆರೆಯ ಹೆಸರೆತ್ತಲು ತಮಗೆ ಮುಖವಿಲ್ಲವೆಂದು ಅವರು ಲೆಕ್ಕ ಹಾಕಿಕೊಂಡು, ಬದಲಿಗೆ ಏನು ಮಾತಾಡಬಹುದೆಂದು ಹುಡುಕಿ, ಏನೂ ಸಿಗದೆ ಕಿಟಕಿಯ ಗಾಜಿನ ಪರಾಗವನ್ನು ನೋಡತೊಡಗಿದರು.

ಕೆಂಪು ದೀಪಕ್ಕೆ ಕಾರು ನಿಂತಿತು. ಅಮೂಲ್ಯಾ ಕನ್ನಡಿಯಲ್ಲಿ ತಾತನನ್ನು ನೋಡಿದಳು.

"ತಾತ, ನೀವು ಆ ಸೈನ್ ಮಾಡಿದಾಗ, ಪೆಟ್ಟಿಗೇಲಿ ಅದು ಇಲ್ಲ ಅಂತ ನಿಮಗೆ ಗೊತ್ತಿತ್ತಾ?"

ಇಪ್ಪತ್ತೆರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಪತ್ರದಲ್ಲಿ ಸಹ, ಸಂಡಿಗೆಯ ನಿಮಿತ್ತ ಮರೆತು ಎಂದು ಅವರು ಬರೆದಿದ್ದರು.

"ಪೆನ್ನು ಕೈಗೆ ತಗೊಂಡಾಗ ನೆನಪಾಯ್ತಮ್ಮ," ಎಂದರು ಸೂರ್ಯನಾರಾಯಣರು. "ಎಲ್ಲರೂ ಹಾರ ಹಿಡ್ಕೊಂಡು ನಿಂತಿದ್ರು."

ಕಾತ್ಯಾಯಿನಮ್ಮ ಗಂಡನ ಕಡೆ ತಿರುಗಿದರು. ಇದು ಆಕೆಗೂ ಹೊಸದಾಗಿತ್ತು. ಶ್ರೀಲತಾ ಬ್ರೇಕು ಒತ್ತುವುದನ್ನು ಮರೆತಳು. ಅಮೂಲ್ಯಾ ಸ್ವಲ್ಪ ಹೊತ್ತು ಸ್ಟೀರಿಂಗಿನ ಮೇಲೆ ಬೆರಳು ಕುಟ್ಟಿದಳು. ದೀಪ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಮಾಡುವವರೆಗೂ ಅವಳು ಹೊರಡಲಿಲ್ಲ.

"ಓಕೆ," ಎಂದಳು. "ಆ ಕೊಬ್ಬರಿ ಸ್ಟೋರಿ ಇನ್ನೊಂದ್ಸಲ ಹೇಳ್ತೀರಾ, ತಾತ? ಟ್ರೇನ್‌ನಿಂದ ಬೇಡ, ಫಸ್ಟ್‌ನಿಂದ. ಆ ಹಮಾಲಿ ಹೆಸರು ಏನು? ಅವನಿಗೆ ಆಮೇಲೆ ಏನಾಯ್ತು?"